ಏಳನೆಯ ಸುತ್ತು

ಮಧ್ಯದಲ್ಲಿ ಒಂದಕ್ಕೆ ಬಂದರೆ ಏನು ಮಾಡುವುದು?

ರೇಸಿಗೆ ಇನ್ನೂ ನಾಲ್ಕು ದಿನ ಇರುವಾಗಲೇ ಈ ಪ್ರಶ್ನೆ ನನ್ನ ತಲೆಯೊಳಗೆ ಬಂದು ಕೂತಿತ್ತು. ಯಾರನ್ನಾದರೂ ಕೇಳುವಂಥದ್ದಲ್ಲ. ಡೈರಿಯಲ್ಲಿ ಬರೆಯೋಣವೆಂದು ಕೂತರೆ ಅಲ್ಲೂ ನಾಚಿಕೆಯಾಗಿ ‘ಆ ವಿಷಯ’ ಎಂದಷ್ಟೇ ಬರೆದು ಪುಟ ತಿರುಗಿಸಿದೆ. ನನ್ನ ಡೈರಿಯನ್ನು ನನ್ನ ಹೊರತು ಓದುವವರು ಯಾರೂ ಇಲ್ಲ. ಆದರೂ.

ಸುಮಾರು ಎರಡು ಕಿಲೋಮೀಟರ್ ಈಜು, ತೊಂಬತ್ತು ಕಿಲೋಮೀಟರ್ ಸೈಕಲ್, ಅದಾದ ಮೇಲೆ ಇಪ್ಪತ್ತೊಂದು ಕಿಲೋಮೀಟರ್ ಓಟ. ಬೆಳಿಗ್ಗೆ ಆರೂವರೆಗೆ ಕೆರೆಗೆ ಇಳಿದರೆ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆ. ಅಷ್ಟೂ ಹೊತ್ತು ಮೈಗಂಟಿದ ಒಂದೇ ಬಟ್ಟೆ. ಬೆನ್ನಿನ ಜಿಪ್ಪು ಎಳೆದು ಭುಜದಿಂದ ಪೂರ್ತಿ ಇಳಿಸದೆ ಕೂರುವಂತಿಲ್ಲ. ಇಲವಾಲದಾಚೆಯ ಆ ಕೆರೆಯ ದಂಡೆಯಲ್ಲಿ ಗಂಡಸರಿಗೆ ಬೇಕಾದಷ್ಟು ಲಾಂಟಾನ ಪೊದೆಗಳಿವೆ. ಹೆಂಗಸರಿಗೆಂದು ತಗಡಿನ ಡಬ್ಬಿಯಂಥ ಒಂದು ಶೌಚಾಲಯ ತಂದು ನಿಲ್ಲಿಸಿದ್ದರು. ಅದಕ್ಕೊಂದು ಬೀಗ. ಬೀಗದ ಕೈ ಯಾರ ಹತ್ತಿರ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಹುಣಸೂರು ರಸ್ತೆಯಲ್ಲಂತೂ ಉದ್ದಕ್ಕೂ ಡಾಬಾಗಳು, ಡಾಬಾಗಳ ಮುಂದೆ ಕಾಲು ಚಾಚಿ ಕೂತ ಗಂಡಸರು.

ಹಾಗಾಗಿ ನಾನೊಂದು ಉಪಾಯ ಹೂಡಿದೆ. ನೀರು ಕುಡಿಯದೇ ಇರುವುದು. ಬಾಯಿ ಒದ್ದೆಯಾಗುವಷ್ಟು ಸಾಕು. ಬಿ.ಎಸ್ಸಿ. ಮಾಡಿದವಳು ನಾನು, ಮನುಷ್ಯನ ದೇಹದ ಬಗ್ಗೆ ಎರಡು ಪೇಪರ್ ಬರೆದು ಪಾಸಾದವಳು.

ಆ ರೇಸು ನನಗೆ ಬೇಕೇ ಬೇಕಿತ್ತು. ಯಾಕೆಂದು ಹೇಳುತ್ತೇನೆ.

ನಮ್ಮ ಕೋಚ್ ಪ್ರಸನ್ನ ಸರ್ ಅವರ ತಂಡದಲ್ಲಿ ಹನ್ನೊಂದು ಹುಡುಗರು, ಇಬ್ಬರೇ ಹುಡುಗಿಯರು. ಲಷ್ಕರ್ ಮೊಹಲ್ಲಾದಿಂದ ನಾನು, ಮಂಡಿ ಮೊಹಲ್ಲಾದಿಂದ ಶರಣ್ಯಾ. ಹುಡುಗಿಯರ ಅಳತೆಯ ರೇಸ್ ಸೈಕಲ್ ತಂಡದಲ್ಲಿ ಇದ್ದದ್ದು ಒಂದೇ. ಬೂದು ಬಣ್ಣದ್ದು, ಎರಡು ಬೆರಳಲ್ಲಿ ಎತ್ತಬಹುದು. ಎಂಟು ತಿಂಗಳಿಂದ ಸೋಮ, ಬುಧ, ಶುಕ್ರ ಅದು ನನ್ನದು. ಮಂಗಳ, ಗುರು, ಶನಿ ಶರಣ್ಯಾಳದು. ಸೀಟಿನ ಎತ್ತರವನ್ನು ಅವಳು ಒಂದು ಇಂಚು ಏರಿಸುವುದು, ನಾನು ಒಂದು ಇಂಚು ಇಳಿಸುವುದು. ನಮ್ಮಿಬ್ಬರ ನಡುವೆ ನಡೆಯುತ್ತಿದ್ದ ಮಾತುಕತೆ ಬಹುಪಾಲು ಅಷ್ಟೇ.

ರೇಸಿಗೆ ಹದಿನೈದು ದಿನ ಮೊದಲು ಪ್ರಸನ್ನ ಸರ್ ನಮ್ಮನ್ನು ಎದುರು ನಿಲ್ಲಿಸಿಕೊಂಡು, ಹುಡುಗರಿಗೆಲ್ಲ ಕೇಳುವ ಹಾಗೆ ಹೇಳಿದರು: “ಒಂದು ಸೈಕಲ್ ಇಟ್ಕೊಂಡು ಇಬ್ರು ಸವತೀರು ಎಷ್ಟು ದಿನ ಸಂಸಾರ ಮಾಡ್ತೀರಿ? ರೇಸಲ್ಲಿ ಯಾರು ಮುಂದೆ ಬರ್ತಾರೋ ಸೈಕಲ್ ಅವಳದ್ದು. ಇನ್ನೊಬ್ಬಳು ಸೋಮವಾರದಿಂದ ಬರೋದು ಬೇಡ. ಮನೇಲಿ ರಂಗೋಲಿ ಹಾಕ್ಕೊಂಡಿರ್ಲಿ.”

ಹುಡುಗರು ನಕ್ಕರು. ಶರಣ್ಯಾ ಕೂಡ ನಕ್ಕು, “ನಂಗೆ ರಂಗೋಲಿ ಬರಲ್ಲ ಸರ್, ಇವಳಿಗೆ ಬರ್ತದೆ,” ಅಂದಳು.

ನಾನು ನೆಲ ನೋಡುತ್ತಿದ್ದೆ. ಪ್ರಸನ್ನ ಸರ್ ನನ್ನ ಗಲ್ಲದ ಕಡೆ ಬೆರಳು ಮಾಡಿ, “ನಿಮ್ಮಪ್ಪ ಇಟ್ಟಿರೋ ಹೆಸರೇ ಸರಿ ಇಲ್ಲ ಕಣಮ್ಮ. ಸಂಘಮಿತ್ರ! ಸಂಘಕ್ಕೆಲ್ಲ ಮಿತ್ರೆ ಆದ್ರೆ ರೇಸ್ ಗೆಲ್ಲೋದು ಯಾರು?” ಅಂದರು.

ಡಿಗ್ರಿ ಮುಗಿದು ಎರಡು ವರ್ಷವಾಗಿತ್ತು. ಐದು ಇಂಟರ್‌ವ್ಯೂಗಳಿಗೆ ಹೋಗಿದ್ದೆ. ಐದರಲ್ಲೂ ‘ನಿಮ್ಮ ಬಗ್ಗೆ ಹೇಳಿ’ ಅಂದಾಗ ನನ್ನ ಹೆಸರು ಹೇಳಿ, ಊರು ಹೇಳಿ, ಆಮೇಲೆ ಮೇಜಿನ ಮೇಲಿನ ಪೇಪರ್‌ವೇಟ್ ನೋಡುತ್ತಾ ಕೂತಿದ್ದೆ. ಮನೆಯಲ್ಲಿ ಯಾರೂ ಬೈಯಲಿಲ್ಲ. ಅಮ್ಮ ಶಾಲೆಯ ಬಿಸಿಯೂಟಕ್ಕೆ ಅಡುಗೆ ಮಾಡುವವಳು. ಮುನ್ನೂರು ಮಕ್ಕಳ ಗದ್ದಲದಲ್ಲಿದ್ದು ಬಂದು, “ನೀನಾದ್ರೂ ಒಸಿ ಮಾತಾಡೇ,” ಅನ್ನುವಳು. ಆ ಸೈಕಲ್ ಮೇಲೆ ಕೂತಾಗ ಮಾತ್ರ ಯಾರೂ ನನ್ನ ಬಗ್ಗೆ ಏನನ್ನೂ ಕೇಳುತ್ತಿರಲಿಲ್ಲ. ವಾರದಲ್ಲಿ ಮೂರು ಬೆಳಗು ನಾನು ಯಾರಿಗೂ ಉತ್ತರ ಕೊಡಬೇಕಿರಲಿಲ್ಲ. ನನಗೆ ಆರೂ ಬೆಳಗು ಬೇಕಿತ್ತು.

ರೇಸಿನ ದಿನಕ್ಕೆ ಸೈಕಲ್ ಯಾರಿಗೆಂದು ಚೀಟಿ ಎತ್ತಿಸಿದರು. ನನಗೆ ಬಂತು. ಶರಣ್ಯಾ ಅವಳ ಚಿಕ್ಕಪ್ಪನ ಮಗನ ಭಾರದ ಸೈಕಲ್ ತಂದಳು.

ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಆ ತಗಡಿನ ಡಬ್ಬಿಯ ಬೀಗ ಹಿಡಿದು ನೋಡುತ್ತಾ ನಿಂತಿದ್ದೆ. ಶರಣ್ಯಾ ಹಿಂದಿನಿಂದ ಬಂದಳು. ತೋಳಿನ ಮೇಲೆ ಮಾರ್ಕರಿನಲ್ಲಿ ಬರೆದ ನಲವತ್ತೆರಡು, ನನ್ನದು ನಲವತ್ತೊಂದು.

“ಅದಕ್ಕಾ?” ಅಂದಳು. “ಕೆರೇಲೇ ಮುಗಿಸ್ಕೊಳೇ. ಮೀನು ಯಾರ್ಗೂ ಹೇಳಲ್ಲ.”

“ಅದಲ್ಲ,” ಅಂದೆ.

“ಸೈಕಲ್ ಮೇಲೆ ಬಂದ್ರೆ ಅಂಗೇ ಬಿಟ್ಬುಡು. ಮೇಲೆ ಬಾಟಲಿ ನೀರು ಹುಯ್ಕೊ. ಎಲ್ಲ ಅಂಗೇ ಮಾಡೋದು. ನೀನೇನು ಅರಮನೆ ರಾಣೀನಾ?”

ಅವಳು ಕೆಟ್ಟದ್ದಕ್ಕೆ ಹೇಳಿದಳೋ ಒಳ್ಳೆಯದಕ್ಕೆ ಹೇಳಿದಳೋ ಇವತ್ತಿಗೂ ಗೊತ್ತಿಲ್ಲ. ಬೀಗ ಬಿಟ್ಟು ನೀರಿನ ಕಡೆ ನಡೆದೆ.

ಅರವತ್ತು ಜನ ಒಟ್ಟಿಗೆ ನೀರಿಗೆ ಬಿದ್ದೆವು. ಯಾರದೋ ಹಿಮ್ಮಡಿ ನನ್ನ ಮೂಗಿಗೆ ಬಡಿಯಿತು. ಇನ್ಯಾರೋ ನನ್ನ ಕಾಲು ಹಿಡಿದೆಳೆದು, ನನ್ನ ಬೆನ್ನನ್ನೇ ಮೆಟ್ಟಿಲು ಮಾಡಿಕೊಂಡು ಮುಂದೆ ಹೋದರು. ಕೆಸರಿನ ರುಚಿ, ಮೂಗಿನ ರಕ್ತದ ರುಚಿ. ಆದರೂ ಈಜು ನನಗೆ ಒಗ್ಗುತ್ತದೆ. ನೀರಿನ ಕೆಳಗೆ ಮಾತಿಲ್ಲ. ಕೆರೆಯ ನಡುವೆ ಒಂದು ಸಲ ಶರಣ್ಯಾ ಹೇಳಿದ್ದನ್ನು ಮಾಡಿ ನೋಡಿದೆ. ಆಗಲಿಲ್ಲ. ನನ್ನ ದೇಹಕ್ಕೂ ನನ್ನಷ್ಟೇ ನಾಚಿಕೆ.

ಹುಣಸೂರು ರಸ್ತೆಯಲ್ಲಿ ಎದುರುಗಾಳಿ. ಲಾರಿಗಳು ಪಕ್ಕದಲ್ಲೇ ಬಂದು ಹಾರ್ನ್ ಬಾರಿಸಿ, ನಾನು ಬೆಚ್ಚುವುದನ್ನು ನೋಡಿ ಮುಂದೆ ಹೋಗುತ್ತಿದ್ದವು. ಬೈಕಿನಲ್ಲಿ ಬಂದ ಇಬ್ಬರು ಒಂದಷ್ಟು ದೂರ ನನ್ನ ಜೊತೆಯಲ್ಲೇ ಬಂದರು.

“ಅಕ್ಕಾ, ಚೈನ್ ಬಿದ್ದೋಯ್ತು!”

ನೋಡಿದೆ. ಬಿದ್ದಿರಲಿಲ್ಲ. ಅವರು ನಕ್ಕೊಂಡು ಹೋದರು. ಅರ್ಧ ಗಂಟೆಯಾದ ಮೇಲೆ ಅವರೇ ತಿರುಗಿ ಬಂದು ಅದನ್ನೇ ಹೇಳಿದರು. ನಾನು ಮತ್ತೆ ನೋಡಿದೆ. ಅರವತ್ತನೆಯ ಕಿಲೋಮೀಟರಿನ ಹೊತ್ತಿಗೆ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಎರಡು ಬಾಟಲಿಗಳಲ್ಲಿ ಒಂದನ್ನು ಮುಟ್ಟಿರಲಿಲ್ಲ. ಬೆವರು ನಿಂತುಹೋಗಿತ್ತು. ಉಪಾಯ ಫಲಿಸಿತು ಅಂತ ಖುಷಿಪಟ್ಟೆ.

ಸೈಕಲ್ ಇಟ್ಟು ಓಟದ ಶೂ ಹಾಕಿಕೊಳ್ಳುವ ಜಾಗದಲ್ಲಿ ಪ್ರಸನ್ನ ಸರ್ ನಿಂತಿದ್ದರು. ರೇಸ್ ನಡೆಸುವವರೂ ಅವರೇ. ಸೈಕಲ್ಲಿನಿಂದ ತುಂಬಿದ ಬಾಟಲಿ ಎತ್ತಿ ಅಲ್ಲಾಡಿಸಿದರು.

“ಇದೇನು, ತೀರ್ಥನಾ? ಮನೆಗೆ ತಗೊಂಡೋಗಕ್ಕೆ ಇಟ್ಕೊಂಡಿದೀಯಾ?”

ನಾನು ಲೇಸು ಕಟ್ಟಿಕೊಳ್ಳುತ್ತಿದ್ದೆ.

“ಯಾಕೆ ಕುಡ್ದಿಲ್ಲ? ಏನ್ ತೊಂದ್ರೆ ನಿಂಗೆ? ಬಾಯಿಲ್ವಾ?”

ಹೇಳಬಹುದಿತ್ತು. ಎಂಟು ತಿಂಗಳು ದಿನಾ ನೋಡಿದ ಮನುಷ್ಯ. ನಾನು ಎದ್ದು ಓಡಿದೆ. “ಸರಿ, ಸಾಯಿ,” ಎಂದು ಅವರು ಹಿಂದಿನಿಂದ ಕೂಗಿದ್ದು ಕೇಳಿಸಿತು. ಶರಣ್ಯಾ ಹದಿನಾಲ್ಕು ನಿಮಿಷ ಹಿಂದಿದ್ದಳು. ಓಟದಲ್ಲಿ ಅವಳು ನನಗಿಂತ ವೇಗ. ಹದಿನಾಲ್ಕು ನಿಮಿಷವನ್ನು ಎಂಟು ಸುತ್ತು ಕಾಪಾಡಿಕೊಳ್ಳುವುದಷ್ಟೇ ನನ್ನ ಕೆಲಸ.

ಓಟ ಕೆರೆಯ ಪಕ್ಕದ ಹೊಸ ಬಡಾವಣೆಯಲ್ಲಿ. ಅರೆಬರೆ ಕಟ್ಟಿದ ಮನೆಗಳ ನಡುವೆ ನೇರ ರಸ್ತೆ. ಅದರ ತುದಿಯ ಹುಣಸೆಮರ ಸುತ್ತಿ ಬಂದರೆ ಒಂದು ಸುತ್ತು. ಹೀಗೆ ಎಂಟು. ಸುತ್ತು ಎಣಿಸಲು ರಸ್ತೆಯ ಈ ತುದಿಯಲ್ಲಿ ಒಂದು ಮೇಜು, ಮೇಜಿನ ಹಿಂದೆ ಛತ್ರಿ ಕೆಳಗೆ ಜವರಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ಪ್ರಸನ್ನ ಸರ್‌ಗೆ ಓಡಲು ಕಲಿಸಿದ ಪಿ.ಟಿ. ಮೇಷ್ಟ್ರು, ರಿಟೈರಾಗಿ ಹನ್ನೆರಡು ವರ್ಷ. ಹಳೆಯ ಶಿಷ್ಯ ಕರೆದನೆಂದು ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ಹಾಕಿಕೊಂಡು ಬಂದಿದ್ದರು. ನಾವು ನಂಬರು ಕೂಗುತ್ತಾ ಹೋಗಬೇಕು. ಅವರು ನಂಬರಿನ ಮುಂದೆ ಪೆನ್ಸಿಲಿನಲ್ಲಿ ಒಂದು ಗೀಟು ಎಳೆದು, ಎಷ್ಟನೆಯ ಸುತ್ತೆಂದು ತಿರುಗಿ ಕೂಗುತ್ತಿದ್ದರು.

“ನಲವತ್ತೊಂದು!”

“ನಲವತ್ತೊಂದು, ಒಂದು! ಶಭಾಷ್ ಕಣವ್ವ!”

ಪ್ರತಿ ಸುತ್ತಿಗೂ ಅವರ ಶಭಾಷ್ ಇತ್ತು. ಪಕ್ಕದ ಶಾಮಿಯಾನದಿಂದ ಪ್ರಸನ್ನ ಸರ್ ಕೂಗುತ್ತಿದ್ದದ್ದು ಬೇರೆ. “ಏನ್ ಮದ್ವೆ ಮೆರವಣಿಗೇನಾ? ಓಡು!”

ನಾಲ್ಕನೆಯ ಸುತ್ತಿನಲ್ಲಿ ಅರೆಬರೆ ಮನೆಯೊಂದರ ನೆರಳಲ್ಲಿ ಗಾರೆ ಕೆಲಸದವರು ಊಟಕ್ಕೆ ಕೂತಿದ್ದರು. ಒಬ್ಬ ಹೆಂಗಸು ನನ್ನನ್ನು ನೋಡಿ, “ಯಾಕವ್ವ ಓಡೀಯೆ? ಯಾರು ಅಟ್ಟಿಸ್ಕಂಡು ಬತ್ತಾವ್ರೆ?” ಅಂದಳು. ಉಳಿದವರು ರಸ್ತೆಯ ಆಚೆಗೆ ಕತ್ತು ಚಾಚಿ ನಿಜಕ್ಕೂ ಯಾರಾದರೂ ಬರುತ್ತಿದ್ದಾರಾ ಎಂದು ನೋಡಿದರು. ಬರುತ್ತಿದ್ದಳು. ದೂರದಲ್ಲಿ ಶರಣ್ಯಾಳ ಕೆಂಪು ಟೋಪಿ.

ಐದನೆಯ ಸುತ್ತಿನಲ್ಲಿ ಹುಣಸೆಮರದ ಬುಡದಲ್ಲಿ ವಾಂತಿ ಮಾಡಿದೆ. ಬಂದದ್ದು ಹಳದಿ ಲೋಳೆಯಷ್ಟೇ. ಆರನೆಯ ಸುತ್ತು ಮುಗಿಯಲು ಹತ್ತು ಹೆಜ್ಜೆ ಇರುವಾಗ ಎಡಗಾಲಿನ ಮೀನಖಂಡ ಗಂಟು ಕಟ್ಟಿತು. ಗಂಟು ತೊಡೆಗೆ ಹತ್ತಿತು. ನಾನು ಮೇಜಿನ ಮುಂದೆ ಬಿದ್ದೆ. ಟಾರು ಸುಡುತ್ತಿತ್ತು, ಕೆನ್ನೆಯನ್ನು ಅದರ ಮೇಲಿಂದ ತೆಗೆಯುವ ಶಕ್ತಿಯೂ ಇರಲಿಲ್ಲ.

ಮಲಗಿದಲ್ಲಿಂದಲೇ ಎಲ್ಲ ಕಾಣುತ್ತಿತ್ತು. ಲಾಂಟಾನ ಪೊದೆಯ ಕಡೆಯಿಂದ ಜವರಪ್ಪ ಮೇಷ್ಟ್ರು ಪ್ಯಾಂಟು ಸರಿ ಮಾಡಿಕೊಳ್ಳುತ್ತಾ ಬಂದು ಪೆನ್ಸಿಲ್ ಎತ್ತಿಕೊಂಡರು. ಅಷ್ಟರಲ್ಲಿ ನನ್ನ ಹಿಂದೆ ಹೆಜ್ಜೆಗಳು. ಕೆಂಪು ಟೋಪಿ ನನ್ನ ಮೇಲೆ ಬಗ್ಗಿತು.

“ಮಲ್ಕೊ ಮಲ್ಕೊ. ದಿಂಬು ತಂದ್ಕೊಡ್ಲಾ?”

ಅವಳ ಬೆವರಿನ ಒಂದು ಹನಿ ನನ್ನ ಕತ್ತಿನ ಮೇಲೆ ಬಿತ್ತು. “ನಲವತ್ತೆರಡು!” ಎಂದು ಕೂಗಿ ಅವಳು ಹೋದಳು. “ನಲವತ್ತೆರಡು, ಆರು! ಶಭಾಷ್!” ಅಂದರು ಮೇಷ್ಟ್ರು. ಹದಿನಾಲ್ಕು ನಿಮಿಷ ಖರ್ಚಾಗಿತ್ತು. ಈಗ ಅವಳು ಮುಂದೆ.

ಪ್ರಸನ್ನ ಸರ್ ಶಾಮಿಯಾನದಿಂದ ಆಚೆ ಬಂದರು. ಮುಟ್ಟಿ ಎಬ್ಬಿಸಿದರೆ ರೇಸಿನಿಂದ ಹೊರಗೆ ಎಂಬ ನಿಯಮ ಅವರೇ ಮಾಡಿದ್ದು. ಹಾಗಾಗಿ ಎರಡು ಮಾರು ದೂರ ನಿಂತು ಕಿರುಚಿದರು.

“ಏಳು! ಏಳು! ಏಳು ಅಂದ್ರೆ!”

ಮೇಜಿನ ಕಾಲುಗಳ ನಡುವಿನಿಂದ ಜವರಪ್ಪ ಮೇಷ್ಟ್ರ ಮುಖ ಕಂಡಿತು. ಅವರು ಹಾಳೆ ನೋಡಿದರು, ಪ್ರಸನ್ನ ಸರ್ ಕಡೆ ನೋಡಿದರು, ಮತ್ತೆ ಹಾಳೆ ನೋಡಿದರು. “ಏಳಾ? ಅಯ್ಯೋ, ಒಂದು ತಪ್ಪೋಗದೆ… ಆಯ್ತು, ಏಳು,” ಎಂದು ಗೊಣಗಿದರು. ಪೆನ್ಸಿಲ್ ಒಂದು ಗೀಟು ಎಳೆಯಿತು. ಇನ್ನೊಂದು ಗೀಟು ಎಳೆಯಿತು.

ಅದು ನನಗೆ ಅರ್ಥವಾಗಲಿಲ್ಲ. ಎರಡು ಸಲ ಅಲ್ಲಾಡಿದ್ದು ಕಂಡಿತು, ಅಷ್ಟೆ. ನಾನು ಮೊಣಕಾಲೂರಿ, ಮೇಜಿನ ಅಂಚು ಹಿಡಿಯದೆ, ಹೇಗೋ ಎದ್ದೆ. ಸ್ವಯಂಸೇವಕನೊಬ್ಬ ಚಾಚಿದ ನೀರನ್ನು ಈ ಸಲ ಪೂರ್ತಿ ಕುಡಿದೆ.

“ಇನ್ನೊಂದೇ ಕಣವ್ವ!” ಅಂದರು ಮೇಷ್ಟ್ರು. “ಇನ್ನೊಂದೇ ಸುತ್ತು! ಶಭಾಷ್!”

ಕುಂಟುತ್ತಾ ಓಡಲು ಶುರು ಮಾಡಿದೆ. ಇನ್ನೊಂದೇ. ಇನ್ನೊಂದೇ. ಆ ಮಾತು ಕಾಲಿಗೆ ಎಣ್ಣೆ ಹಾಕಿದ ಹಾಗಿತ್ತು. ಅರ್ಧ ದಾರಿಯಲ್ಲಿ ಶರಣ್ಯಾ ಹುಣಸೆಮರ ಸುತ್ತಿಕೊಂಡು ಎದುರಿಗೆ ಬಂದಳು.

“ಇನ್ನೂ ಬದ್ಕಿದೀಯಾ?” ಅಂದಳು. “ಇನ್ನೆರಡು ಅದೆ ನಿಂಗೆ. ಸತ್ತೋಗ್ತೀಯ ಕಣೇ, ನಿಂತ್ಕೊಬುಡು.”

ಇನ್ನೆರಡು ಎಂಬುದರಲ್ಲಿ ಆಗ ಓಡುತ್ತಿದ್ದ ಸುತ್ತೂ ಸೇರಿತ್ತು. ಅವಳು ಹೋದ ಮೇಲೆ ನಾನು ಎಣಿಸಿದೆ. ಮೊದಲನೆಯ ಸುತ್ತಿನಲ್ಲಿ ರಸ್ತೆಗೆ ಅಡ್ಡ ಹಸು. ಎರಡನೆಯದರಲ್ಲಿ ಹಸುವನ್ನು ಯಾರೋ ಪಕ್ಕಕ್ಕೆ ಕಟ್ಟಿದ್ದರು. ಮೂರನೆಯದರಲ್ಲಿ ಶೂ ಬಿಚ್ಚಿ ಕಲ್ಲು ತೆಗೆದೆ. ನಾಲ್ಕು, ಗಾರೆ ಕೆಲಸದ ಹೆಂಗಸು. ಐದು, ವಾಂತಿ. ಆರು, ಬಿದ್ದೆ. ಏಳಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಏಳನೆಯದು ನನ್ನ ಕಾಲ ಕೆಳಗೆ ಈಗ ಓಡುತ್ತಿತ್ತು. ಎರಡು ಸಲ ಅಲ್ಲಾಡಿದ ಪೆನ್ಸಿಲ್ ಈಗ ಅರ್ಥವಾಯಿತು. ಬಿಸಿಲಿಗೆ ತಲೆ ಕೆಟ್ಟಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ಕೆಟ್ಟಿರಲಿಲ್ಲ. ನನ್ನ ತಲೆ ಆವತ್ತಿನಷ್ಟು ಚುರುಕಾಗಿ ಯಾವ ಪರೀಕ್ಷೆಯಲ್ಲೂ ಕೆಲಸ ಮಾಡಿಲ್ಲ.

ಮೇಜಿನ ಹತ್ತಿರ ದಾರಿ ಎರಡಾಗುತ್ತದೆ. ಬಲಕ್ಕೆ ಬಳಸಿ ತಿರುಗಿದರೆ ಮತ್ತೆ ಅದೇ ರಸ್ತೆ, ಇನ್ನೊಂದು ಸುತ್ತು. ಎಡಕ್ಕೆ ಹೋದರೆ ಫಿನಿಶ್, ಶಾಮಿಯಾನ, ಕುರ್ಚಿ. ಜವರಪ್ಪ ಮೇಷ್ಟ್ರು ಎದ್ದು ನಿಂತು ಎರಡೂ ಕೈಯಲ್ಲಿ ಎಡಕ್ಕೆ ಬೀಸುತ್ತಿದ್ದರು. “ಎಂಟು! ಎಡಕ್ಕೆ ಬಾವ್ವ! ಎಡಕ್ಕೆ! ಮುಗೀತು!”

ನಾನು ನಿಧಾನ ಮಾಡಿದೆ. ಬಲಗಡೆಯ ರಸ್ತೆ ಖಾಲಿಯಿತ್ತು, ಅದರ ತುದಿಯಲ್ಲಿ ಕೆಂಪು ಚುಕ್ಕೆ. ದಿಂಬು ತಂದ್ಕೊಡ್ಲಾ ಅಂದಿದ್ದಳು. ನಾನು ಎಡಕ್ಕೆ ತಿರುಗಿದೆ.

ಶಾಮಿಯಾನದಲ್ಲಿ ಅಮ್ಮ ಇದ್ದಳು. ಇಲವಾಲದವರೆಗೆ ಸಿಟಿ ಬಸ್ಸಿನಲ್ಲಿ ಬಂದು, ಅಲ್ಲಿಂದ ಬಿಸಿಲಲ್ಲಿ ನಡೆದುಕೊಂಡು, ಸ್ಟೀಲ್ ಡಬ್ಬಿಯಲ್ಲಿ ಮಜ್ಜಿಗೆ ತಂದಿದ್ದಳು. ನನ್ನ ಕತ್ತಿಗೆ ಯಾರೋ ಪದಕ ಹಾಕಿದರು. ಅಮ್ಮ ಅದನ್ನು ಎತ್ತಿ ತೂಕ ನೋಡಿ, ಸೆರಗಿನಿಂದ ಒರೆಸಿ, ಅಪ್ಪನಿಗೆ ಫೋನ್ ಮಾಡಿದಳು. ಅಪ್ಪನಿಗೆ ಭಾನುವಾರವೂ ಡ್ಯೂಟಿ.

“ಉಡುಗೀರಲ್ಲಿ ನಮ್ ಸಂಗೂನೇ ಫಸ್ಟು ಕಣ್ರೀ! ಊ, ನಮ್ಮ ಸಂಗೂನೇ! ಏನಂಗಂದ್ರೆ, ಕಿವಿ ಕೇಳ್ತಿಲ್ವಾ? ಫಸ್ಟು!”

ಫೋನನ್ನು ನನ್ನ ಕಿವಿಗೆ ಹಿಡಿದಳು. ಆ ಕಡೆ ಅಪ್ಪ. ಮೂಗೆಳೆದುಕೊಂಡ ಸದ್ದು. ನಮ್ಮಪ್ಪ ಮಾತಿನಲ್ಲಿ ನನ್ನ ಹಾಗೇ.

“ಊಂ,” ಅಂದೆ.

ಪ್ರಸನ್ನ ಸರ್ ಬಂದು ನನ್ನ ತಲೆಗೆ ಮೊಟಕಿದರು. “ಪರ್ವಾಗಿಲ್ಲ. ಹೆಣ ಎದ್ದು ಓಡಿದ್ದು ಇವತ್ತೇ ನೋಡಿದ್ದು. ಸೈಕಲ್ ನಿಂದು.”

ಮಜ್ಜಿಗೆ ಕುಡಿದೆ. ಎರಡು ಲೋಟ, ಮೂರು ಲೋಟ. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಶರಣ್ಯಾ ಇನ್ನೂ ಬಿಸಿಲಿನಲ್ಲಿ ಓಡುತ್ತಿದ್ದಾಳೆ ಎಂದು ನೆನೆದಾಗ ಮಜ್ಜಿಗೆ ಇನ್ನಷ್ಟು ತಣ್ಣಗಾಯಿತು.

ಹದಿಮೂರು ನಿಮಿಷದ ಮೇಲೆ ಅವಳು ಎರಡೂ ಕೈ ಮೇಲೆತ್ತಿಕೊಂಡು ಬಂದಳು, ಗೆದ್ದವಳ ಹಾಗೆ. ಕುರ್ಚಿಯಲ್ಲಿ ಕೂತ ನನ್ನನ್ನು, ನನ್ನ ಕತ್ತಿನ ಪದಕವನ್ನು ನೋಡಿದಳು. ಕೈ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

“ಇವಳು ಬಿಟ್ಬುಟ್ಲಾ ಸರ್?”

“ಬಿಟ್ಟಿದ್ದು ನೀನು,” ಅಂದರು ಪ್ರಸನ್ನ ಸರ್. “ಇವಳು ಬಂದು ಹೊಟ್ಟೆ ತುಂಬ ಮಜ್ಜಿಗೆ ಕುಡ್ದಾಯ್ತು.”

“ಅದೆಂಗೆ ಸರ್? ಆರನೇ ಸುತ್ತಲ್ಲಿ ಬಿದ್ದಿದ್ಲು, ನಾನು ದಾಟ್ದೆ. ಆಮೇಲೆ ಇವಳು ನನ್ನ ದಾಟೇ ಇಲ್ಲ. ಹಾರ್ಕೊಂಡು ಬಂದ್ಲಾ?”

“ಸೋತೋರಿಗೆಲ್ಲ ಲೆಕ್ಕ ತಪ್ಪಾಗೇ ಕಾಣ್ಸೋದು.”

“ಹಾಳೆ ತರ್ಸಿ ಸರ್. ಎಲ್ಲರ ಮುಂದೆ ತರ್ಸಿ.”

ಜವರಪ್ಪ ಮೇಷ್ಟ್ರು ಹಾಳೆ ಹಿಡಿದುಕೊಂಡು ತಾವೇ ಬಂದರು. ನಲವತ್ತೊಂದರ ಮುಂದೆ ಎಂಟು ಗೀಟು. ಶರಣ್ಯಾ ಬೆರಳಿಟ್ಟು ಎಣಿಸಿ, “ಆರನೇದೂ ಏಳನೇದೂ ಒಂದಕ್ಕೊಂದು ಅಂಟ್ಕೊಂಡವೆ, ಒಟ್ಟಿಗೆ ಹಾಕಿದ್ದೀರಿ,” ಅಂದಳು.

“ಊಂ ಕಣವ್ವ,” ಎಂದರು ಮೇಷ್ಟ್ರು ಮುಗ್ಧವಾಗಿ. “ನಾನು ಅತ್ಲಾಗೆ ಪೊದೆ ತಾವ್ಕೆ ಹೋಗಿದ್ನಲ್ಲ, ಆವಾಗ ಒಂದು ತಪ್ಪೋಗಿತ್ತು. ಬಂದು ನೋಡಿದ್ರೆ ಪ್ರಸನ್ನನೇ ಏಳು ಏಳು ಅಂತ ಕೂಗ್ತಿದ್ದ. ಅದ್ಕೇ ಸರಿ ಮಾಡ್ದೆ.”

ಒಂದು ಗಳಿಗೆ ಯಾರಿಗೂ ಹೊಳೆಯಲಿಲ್ಲ. ಆಮೇಲೆ ಹುಡುಗರಲ್ಲೊಬ್ಬ ಫಕ್ಕನೆ ನಕ್ಕ.

“ಅಯ್ಯೋ ಮೇಷ್ಟ್ರೇ,” ಅಂದರು ಪ್ರಸನ್ನ ಸರ್, “ನಾನು ಇವಳಿಗೆ ಎದ್ದೇಳು ಅಂದಿದ್ದು ಕಣ್ರೀ!”

ಶಾಮಿಯಾನ ತುಂಬ ನಗು. ಮೈ ಕೈ ನೋವಿನಲ್ಲಿ ಬಿದ್ದುಕೊಂಡಿದ್ದವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರೋ “ಎ…ಏಳು!” ಎಂದು ಪ್ರಸನ್ನ ಸರ್ ಧ್ವನಿಯಲ್ಲಿ ಕೂಗಿದರೆ ಇನ್ನೊಬ್ಬ “ಎಂಟು!” ಅಂದ. ಮೇಷ್ಟ್ರೂ ಅರ್ಧ ನಕ್ಕರು, ಎಲ್ಲರೂ ನಗುವಾಗ ನಗಬೇಕಲ್ಲ ಎಂಬಂತೆ.

ಪ್ರಸನ್ನ ಸರ್ ಮಾತ್ರ ನಗಲಿಲ್ಲ. ಅವರ ರೇಸು, ಅವರ ಹೆಸರು, ಹೊರಗಿನವರೂ ಇದ್ದರು. ಮೇಷ್ಟ್ರ ಕೈಯಿಂದ ಪೆನ್ಸಿಲ್ ಕಿತ್ತುಕೊಂಡರು.

“ಒಂದರಿಂದ ಎಂಟು ಎಣ್ಸಕ್ಕೆ ಆಗ್ಲಿಲ್ವಲ್ರೀ ನಿಮಗೆ. ಒಂದನೇ ಕ್ಲಾಸು ಮಕ್ಕಳು ಎಣಿಸ್ತಾವೆ. ಕೂತ ಜಾಗದಲ್ಲಿ ಕೂತ್ಕೊಳಕ್ಕೆ ಆಗ್ಲಿಲ್ಲ, ಐದು ನಿಮಿಷಕ್ಕೊಂದು ಸಲ ಪೊದೆ. ಕಿವೀನೂ ಇಲ್ಲ, ತಡ್ಕೊಳೋ ಶಕ್ತೀನೂ ಇಲ್ಲ, ಇಂಥೋರ್ನ ಮರ್ಯಾದೆ ಕೊಟ್ಟು ಕರ್ದೆ ನೋಡಿ, ನಂಗೆ ಹೊಡ್ಕೋಬೇಕು.”

“ಶುಗರ್ ಅದೆ ಕಣಪ್ಪ…” ಅಂದರು ಮೇಷ್ಟ್ರು.

“ಹಂಗಾದ್ರೆ ಮನೇಲಿರಿ.”

ಪ್ರಸನ್ನ ಸರ್ ಶರಣ್ಯಾಳ ಕಡೆ ತಿರುಗಿದರು. “ಎಣ್ಸೋರ ತಪ್ಪಿಗೆ ಓಡೋಳ್ನ ಶಿಕ್ಷಿಸಕ್ಕಾಗಲ್ಲ. ಎಡಕ್ಕೆ ಹೋಗು ಅಂದ್ರು, ಇವಳು ಹೋದ್ಲು. ರಿಸಲ್ಟ್ ಬದಲಾಗಲ್ಲ. ನೀನು ನಾಳೆಯಿಂದ ಬರ್ಬೇಡ.”

“ನಾನು ಎಂಟು ಓಡಿದೀನಿ ಸರ್!”

“ಓಡು, ಇನ್ನೂ ಎಂಟು ಓಡು. ಮಂಡಿ ಮೊಹಲ್ಲಾದ ತನಕ ಓಡು. ನನ್ನೆದುರು ಬೆರಳಿಟ್ಟು ಎಣ್ಸೋಳು ನಂಗೆ ಬೇಡ.”

ಶರಣ್ಯಾ ನನ್ನ ಹತ್ತಿರ ಬಂದಳು. ಅವಳ ತುಟಿ ಒಡೆದು ಉಪ್ಪು ಕಟ್ಟಿತ್ತು. “ನಿಂಗೆ ಗೊತ್ತಿರ್ಲಿಲ್ವೇನೇ? ಹೇಳು. ಇನ್ನೆರಡು ಅದೆ ಅಂತ ನಾನೇ ಕೂಗಿ ಹೇಳಿರ್ಲಿಲ್ವಾ?”

ನಾನು ಲೋಟದೊಳಗೆ ನೋಡಿದೆ. ಏನೂ ಹೇಳಲಿಲ್ಲ. ಹುಟ್ಟಿದಾಗಿನಿಂದ ಏನೂ ಹೇಳದವಳು. ಈಗಲೂ ಹೇಳದಿದ್ದರೆ ಯಾರಿಗೆ ಅನುಮಾನ? ನನ್ನ ಸಂಕೋಚವೇ ನನ್ನ ಪರವಾಗಿ ಸುಳ್ಳು ಹೇಳಿತು, ಬಾಯಿ ಬಿಡುವ ಕಷ್ಟ ಕೂಡ ಕೊಡದೆ.

“ನನ್ ಮಗೀನ ಯಾಕವ್ವ ಇಡ್ಕೊಂಡು ಅಲ್ಲಾಡುಸ್ತೀಯೆ?” ಅಂದಳು ಅಮ್ಮ, ನಮ್ಮಿಬ್ಬರ ನಡುವೆ ಬಂದು. “ಅದ್ಕೆ ಮಾತೇ ಬರಾಕಿಲ್ಲ. ಇನ್ನು ಸುಳ್ಳು ಎಲ್ಲಿಂದ ಬಂದದು?”

“ಪಾಪ, ತಲೆ ತಿರುಗಿತ್ತು ಅವಳಿಗೆ,” ಅಂದರು ಯಾರೋ. “ಮುಖ ನೋಡಿದ್ರೆ ಗೊತ್ತಾಗಲ್ವಾ,” ಅಂದರು ಇನ್ಯಾರೋ.

ಶರಣ್ಯಾ ಚಿಕ್ಕಪ್ಪನ ಮಗನ ಸೈಕಲ್ಲಿನ ಕಡೆ ಹೋದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಇನ್ನೂ ಸ್ವಲ್ಪ ಖುಷಿಯಾಗುತ್ತಿತ್ತು ಎಂಬುದನ್ನೂ ಇಲ್ಲಿ ಬರೆಯಬೇಕು. ಜನ ಚದುರತೊಡಗಿದರು. ಬೂದು ಸೈಕಲ್ ಶಾಮಿಯಾನದ ಕಂಬಕ್ಕೆ ಒರಗಿಕೊಂಡಿತ್ತು, ನನ್ನ ಎತ್ತರಕ್ಕೆ ಇಳಿಸಿದ ಸೀಟಿನೊಂದಿಗೆ. ಇನ್ನು ಯಾರೂ ಅದನ್ನು ಏರಿಸುವುದಿಲ್ಲ. ವಾರಕ್ಕೆ ಆರು ಬೆಳಗು. ಸುಮ್ಮನೆ ಕೂತಿದ್ದರೆ ಸಾಕಿತ್ತು.

ಆಗ ಜವರಪ್ಪ ಮೇಷ್ಟ್ರು ನನ್ನ ಕುರ್ಚಿಯ ಮುಂದೆ ಬಂದು ನಿಂತರು. ಇಸ್ತ್ರಿ ಮಾಡಿದ ಪ್ಯಾಂಟಿನ ಮುಂಭಾಗದಲ್ಲಿ ಒಂದು ಒದ್ದೆ ಕಲೆ ಇತ್ತು. ಅದನ್ನು ಹಾಳೆ ಸಿಕ್ಕಿಸಿದ್ದ, ಈಗ ಖಾಲಿಯಾದ ರಟ್ಟಿನಿಂದ ಮುಚ್ಚಿಕೊಂಡಿದ್ದರು. ಹುಡುಗರು ಅದನ್ನು ನೋಡಿದ್ದರು; ಒಬ್ಬ ಇನ್ನೊಬ್ಬನಿಗೆ ಮೊಣಕೈಯಲ್ಲಿ ತಿವಿದ.

“ತಪ್ಪಾಯ್ತು ಕಣವ್ವ,” ಅಂದರು. “ನನ್ನ ದೆಸೆಯಿಂದ ನಿನ್ನ ಗೆಲುವಿಗೆ ಒಂದು ಮಾತು ಬಂದ್ಬುಡ್ತು. ನಿಂದೇನು ತಪ್ಪಿಲ್ಲ. ಪಾಪ, ನಾನು ತೋರ್ಸಿದ ಕಡೆ ಬಂದೆ. ಮನಸ್ಸಿಗೆ ಹಚ್ಕೊಬ್ಯಾಡ.”

ರಟ್ಟನ್ನು ಒಂದು ಕೈಯಲ್ಲೇ ಹಿಡಿದುಕೊಂಡು ಇನ್ನೊಂದು ಕೈಯನ್ನು ಎದೆಗೆ ತಂದರು. ಎರಡೂ ಕೈ ಮುಗಿಯಲು ಆಗುತ್ತಿರಲಿಲ್ಲ.

“ಗೊತ್ತಿತ್ತು,” ಅಂದೆ.

ಬಂದದ್ದು ಉಸಿರಷ್ಟೇ. ಅಮ್ಮ ಬಗ್ಗಿದಳು. “ಏನ್ ಮಗ? ಇನ್ನೊಂದ್ ಲೋಟ ಬೇಕಾ?”

ಮೇಷ್ಟ್ರು ಹೊರಟಿದ್ದರು. ಪ್ರಸನ್ನ ಸರ್ ಬೆನ್ನು ತಿರುಗಿಸಿ ಯಾರ ಜೊತೆಗೋ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಶರಣ್ಯಾ ಸೈಕಲ್ ಹತ್ತಿ ಒಂದು ಕಾಲು ನೆಲಕ್ಕೂರಿದ್ದಳು. ನಾನು ಕುರ್ಚಿಯ ಕೈ ಹಿಡಿದುಕೊಂಡು ಎದ್ದು ನಿಂತೆ. ತೊಡೆ ಮತ್ತೆ ಗಂಟು ಕಟ್ಟಿತು. ನನ್ನ ಧ್ವನಿ ಇಷ್ಟು ಜೋರಾಗಿ ಬರುತ್ತದೆಂದು, ಅದು ಇಷ್ಟು ಒರಟಾಗಿದೆಯೆಂದು ನನಗೆ ಗೊತ್ತಿರಲಿಲ್ಲ.

“ನಂಗೆ ಗೊತ್ತಿತ್ತು! ಎಡಕ್ಕೆ ತಿರುಗ್ವಾಗ್ಲೇ ಗೊತ್ತಿತ್ತು ನಂಗೆ, ಇನ್ನೊಂದು ಸುತ್ತು ಬಾಕಿ ಇದೆ ಅಂತ!”